ಹಳೆ ಬ್ಯಾಟ್‌ಮನ್ ಕಾರ್ಟೂನ್ ಬರೀ ಮಕ್ಕಳಾಟವಾ?

ಪ್ರಶ್ನೆ: ಮೇಡಂ, ನಾವು ಆರು ಜನ ಗೆಳೆಯರು ಪ್ರತಿ ಭಾನುವಾರ ಸೇರಿ ಸೂಪರ್‌ಹೀರೋ ಅನಿಮೇಷನ್ ಸರಣಿಗಳನ್ನು ನೋಡುತ್ತೇವೆ. ನೋಡುವುದು ಒಂದು ಗಂಟೆ, ಜಗಳ ಮೂರು ಗಂಟೆ. ‘ಇನ್ವಿನ್ಸಿಬಲ್’, ‘ಎಕ್ಸ್-ಮೆನ್ 97’ ನೋಡಿದ ಮೇಲೆ ಉಳಿದ ಐವರೂ ಒಂದಾಗಿದ್ದಾರೆ. 1992ರ ಬ್ಯಾಟ್‌ಮನ್ ಸರಣಿ ಮಕ್ಕಳದ್ದು, ಪ್ರತಿ ಕಥೆ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತೆ, ಯಾರೂ ಸಾಯಲ್ಲ, ಯಾವ ಪಾತ್ರವೂ ಬೆಳೆಯಲ್ಲ ಅನ್ನುತ್ತಾರೆ. ನನಗೆ ಮಾತ್ರ ಮಿಸ್ಟರ್ ಫ್ರೀಜ್ ಬರುವ ಆ ಎಪಿಸೋಡ್ ಇವತ್ತಿಗೂ ಎಲ್ಲಕ್ಕಿಂತ ಮೇಲು. ಯಾಕೆ ಅಂತ ಹೇಳೋಕೆ ಬರಲ್ಲ. ‘ನಿಂದು ಬರೀ ಸೆಂಟಿಮೆಂಟ್’ ಅಂತ ಬಾಯಿ ಮುಚ್ಚಿಸುತ್ತಾರೆ. ಯಾರು ಸರಿ? ವಿಲನ್‌ಗೆ ಕಣ್ಣೀರಿನ ಹಿನ್ನೆಲೆ ಕೊಟ್ಟರೆ ಅವನ ತಪ್ಪೆಲ್ಲ ಮಾಫ್ ಆಗುತ್ತಾ? ಇನ್ನೊಂದು ಸಣ್ಣ ಪ್ರಶ್ನೆ. ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವನಿಗೆ ಎಲ್ಲಿಂದ ಶುರು ಮಾಡಿಸಲಿ?

ಉತ್ತರ: ಒಂದು ಕಡೆ ಐದು ಜನ, ಇನ್ನೊಂದು ಕಡೆ ನೀವೊಬ್ಬರೇ. ನಿಮ್ಮ ಭಾನುವಾರಗಳು ಹೇಗಿರುತ್ತವೆ ಅಂತ ಊಹಿಸಬಲ್ಲೆ. ನಾನು ಅನಿಮೇಷನ್‌ಗೆ ಕಥೆ ಬರೆದು, ಸ್ಟೋರಿಬೋರ್ಡ್ (ದೃಶ್ಯಗಳನ್ನು ಒಂದೊಂದಾಗಿ ಬರೆದಿಟ್ಟ ಚಿತ್ರಗಳ ಸಾಲು) ತಿದ್ದಿ ಹೊಟ್ಟೆ ಹೊರೆಯುವವಳು. ನಮ್ಮ ಕ್ಯಾಂಟೀನಿನಲ್ಲೂ ಇದೇ ಜಗಳ ವಾರಕ್ಕೊಮ್ಮೆ ನಡೆಯುತ್ತದೆ. ಫ್ರೀಜ್ ಎಪಿಸೋಡ್ ಬಗ್ಗೆ ನೀವು ಸರಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ನಿಮ್ಮ ಗೆಳೆಯರು ಪೂರ್ತಿ ತಪ್ಪೂ ಅಲ್ಲ. ಮುಂದೆ ಹತ್ತು ಕಥೆಗಳ ಗುಟ್ಟಾದರೂ ಬಯಲಾಗುತ್ತದೆ. ಸ್ಪಾಯ್ಲರ್ ಅಂದರೆ ಆಗದವರು ಇಲ್ಲೇ ಎದ್ದು ಹೋಗಬಹುದು.

ಆ ಎಪಿಸೋಡಿನ ಹೆಸರು ‘ಹಾರ್ಟ್ ಆಫ್ ಐಸ್’. ಸರಣಿ ಶುರುವಾಗಿದ್ದು 1992ರ ಸೆಪ್ಟೆಂಬರ್ 5ರಂದು. ಇದು ಪ್ರಸಾರವಾಗಿದ್ದು ಎರಡೇ ದಿನದ ನಂತರ. ಬರೆದವರು ಪಾಲ್ ಡೀನಿ, ನಿರ್ದೇಶಿಸಿದವರು ಬ್ರೂಸ್ ಟಿಮ್. ಅದಕ್ಕೂ ಮುಂಚೆ ಈ ಫ್ರೀಜ್ ಅಂದರೆ ಯಾರು? 1959ರ ಕಾಮಿಕ್ಸಿನಲ್ಲಿ ಮಿಸ್ಟರ್ ಝೀರೋ ಅನ್ನುವ ಹೆಸರಲ್ಲಿ ಬಂದ ಒಬ್ಬ ಕಳ್ಳ. 1966ರ ಟಿವಿ ಧಾರಾವಾಹಿ ಅವನಿಗೆ ಫ್ರೀಜ್ ಅಂತ ಹೊಸ ಹೆಸರಿಟ್ಟಿತು. ಕೈಯಲ್ಲೊಂದು ಐಸ್ ಗನ್, ಬಾಯಲ್ಲಿ ಚಳಿಯ ಜೋಕು. ಸುಮ್ನೆ ಬಂದು ಹೋಗುವ ವಿಲನ್. ನೋರಾ ಅನ್ನುವ ಹೆಂಡತಿ, ಆಕೆಯ ಕಾಯಿಲೆ, ವಿಕ್ಟರ್ ಎಂಬ ವಿಜ್ಞಾನಿಯ ಹಿಂದಿನ ಬದುಕು, ಇದೆಲ್ಲ ಈ ಒಂದು ಎಪಿಸೋಡಿನಲ್ಲೇ ಹುಟ್ಟಿದ್ದು. ಅದರ ಬರವಣಿಗೆಗೆ, ಅಮೆರಿಕದಲ್ಲಿ ಹಗಲು ಹೊತ್ತಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು. ಆಮೇಲೆ ಕಾಮಿಕ್ಸಿನವರೇ ಈ ಕಥೆಯನ್ನು ತಮ್ಮದು ಮಾಡಿಕೊಂಡರು. ಮೂವತ್ತಮೂರು ವರ್ಷ ಕಾಮಿಕ್ಸಿನಿಂದ ಆಗದೇ ಇದ್ದದ್ದು ಒಂದು ಕಾರ್ಟೂನಿನಿಂದ ಆಯಿತು. ನಿಮ್ಮ ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ.

ಈಗ ಒಮ್ಮೆ ಆ ಎಪಿಸೋಡನ್ನು ಮತ್ತೆ ಹಾಕಿಕೊಂಡು ಮೊದಲ ನಿಮಿಷವನ್ನು ನೋಡಿ. ಒಂದು ಗಾಜಿನ ಗೋಳ. ಒಳಗೆ ಕುಣಿಯುವ ಹುಡುಗಿಯ ಗೊಂಬೆ, ಸುತ್ತ ಉದುರುವ ಹಿಮ. ಅದರ ಮುಂದೆ ಕೂತು ಒಬ್ಬ ಮಾತಾಡುತ್ತಿದ್ದಾನೆ. ಅವನು ಯಾರು, ಗೊಂಬೆ ಯಾರ ಗುರುತು, ಏನೂ ಹೇಳಿಲ್ಲ. ದನಿಯಲ್ಲಿ ಏರಿಳಿತವೇ ಇಲ್ಲ. ಮೈಕೆಲ್ ಅನ್ಸಾರಾ ಆ ಪಾತ್ರಕ್ಕೆ ಕೊಟ್ಟ ದನಿ ಹೇಗಿದೆ ಅಂದರೆ, ಒಳಗಿರುವವನು ಎಂದೋ ಸತ್ತು ಹೋಗಿದ್ದಾನೆ, ಬಾಯಿ ಮಾತ್ರ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಆಮೇಲೆ ಕಥೆ ಮಾಮೂಲಿ ದಾರಿ ಹಿಡಿಯುತ್ತದೆ. ಗಾತ್‌ಕಾರ್ಪ್ ಅನ್ನುವ ಕಂಪನಿಯ ಆಸ್ತಿಯೇ ಮತ್ತೆ ಮತ್ತೆ ಲೂಟಿಯಾಗುತ್ತಿದೆ. ಕಂಪನಿಯ ಯಜಮಾನ ಫೆರಿಸ್ ಬಾಯ್ಲ್ ಊರಿಗೆಲ್ಲ ದಾನಿ. ಮಾನವೀಯತೆಯ ಪ್ರಶಸ್ತಿ ಬೇರೆ ಬರುವುದರಲ್ಲಿದೆ. ಲೂಟಿ ಮಾಡುವಾಗ ಫ್ರೀಜ್‌ನ ಆಳೊಬ್ಬನ ಕಾಲು ಅದೇ ಗನ್ನಿನಿಂದ ಹೆಪ್ಪುಗಟ್ಟುತ್ತದೆ. ಫ್ರೀಜ್ ತಿರುಗಿಯೂ ನೋಡದೆ ಹೋಗುತ್ತಾನೆ. ಆ ಆಳನ್ನು ಹೊತ್ತುಕೊಂಡು ಹೋಗಿ ಶುಶ್ರೂಷೆ ಮಾಡುವವನು ಬ್ಯಾಟ್‌ಮನ್. ಇಲ್ಲಿಯವರೆಗೆ ಫ್ರೀಜ್ ನಮಗೆ ಒಬ್ಬ ಕಲ್ಲು ಮನಸ್ಸಿನ ಕಳ್ಳ.

ನಂತರ ಬ್ಯಾಟ್‌ಮನ್ ಗಾತ್‌ಕಾರ್ಪಿನ ಕಡತಗಳ ಕೋಣೆಗೆ ನುಗ್ಗಿ ಒಂದು ಹಳೆ ವಿಡಿಯೋ ಟೇಪ್ ಹಾಕುತ್ತಾನೆ. ಅದರಲ್ಲಿ ವಿಕ್ಟರ್ ತನ್ನ ಕಾಯಿಲೆಯ ಹೆಂಡತಿಯನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಔಷಧಿ ಹುಡುಕುತ್ತಿದ್ದಾನೆ. ಬಾಯ್ಲ್ ಬರುತ್ತಾನೆ. ಇದಕ್ಕೆಲ್ಲ ನನ್ನ ದುಡ್ಡು ಹಾಳು ಅಂತ ಯಂತ್ರ ನಿಲ್ಲಿಸಲು ಹೇಳುತ್ತಾನೆ. ವಿಕ್ಟರ್ ಬೇಡುತ್ತಾನೆ. ಬಾಯ್ಲ್ ಅವನನ್ನು ಒದ್ದು ರಾಸಾಯನಿಕಗಳ ಮೇಲೆ ಬೀಳಿಸುತ್ತಾನೆ. ಇಷ್ಟೇ ಫ್ಲ್ಯಾಶ್‌ಬ್ಯಾಕ್. ಇದನ್ನು ಫ್ರೀಜ್ ನಮಗೆ ಹೇಳಿಕೊಂಡು ಅಳುವುದಿಲ್ಲ. ಕಂಪನಿಯ ಕ್ಯಾಮೆರಾ ಯಾರ ಪರವೂ ಇಲ್ಲದೆ ಸುಮ್ಮನೆ ದಾಖಲಿಸಿದ ಸತ್ಯ ಅದು. ಅದನ್ನು ನೋಡುತ್ತಿರುವವನೂ ಫ್ರೀಜ್‌ನ ಎದುರಾಳಿ. ಸ್ನೇಹಿತನಲ್ಲ. ಅದಕ್ಕೇ ನಾವು ನಂಬುತ್ತೇವೆ.

ನಿಮ್ಮ ಗೆಳೆಯರು ಪಾತ್ರ ಬೆಳೆಯಲ್ಲ ಅಂದರಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ. ಟೇಪ್ ನೋಡುವ ಮುಂಚೆ ಇದ್ದ ಫ್ರೀಜ್, ನೋಡಿದ ಮೇಲಿನ ಫ್ರೀಜ್, ಇಬ್ಬರೂ ಒಬ್ಬರೇ. ಅವನು ಒಂದಿಂಚೂ ಬದಲಾಗಿಲ್ಲ. ಅದೇ ಗನ್, ಅದೇ ಹಟ. ಬದಲಾದವರು ನಾವು. ಮೊದಲ ನಿಮಿಷದ ಗಾಜಿನ ಗೋಳ ಈಗ ತಲೆಯೊಳಗೆ ಮತ್ತೆ ತಿರುಗುತ್ತದೆ, ಆ ಗೊಂಬೆ ಯಾರು ಅಂತ ಈಗ ಗೊತ್ತಾಗುತ್ತದೆ. ದೀರ್ಘ ಸರಣಿ ಪಾತ್ರವನ್ನು ನಡೆಸಿಕೊಂಡು ಹೋಗುತ್ತದೆ. ಒಳ್ಳೆಯ ಬಿಡಿ ಕಥೆ ಪಾತ್ರವನ್ನು ಅಲ್ಲೇ ನಿಲ್ಲಿಸಿ, ನಮ್ಮನ್ನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿಸುತ್ತದೆ. ನನ್ನ ಮಟ್ಟಿಗೆ ಎರಡೂ ಬೆಳವಣಿಗೆಯೇ.

ಮಧ್ಯೆ ಒಂದು ಸ್ವಾರಸ್ಯ. ಬಾಯ್ಲ್‌ಗೆ ದನಿ ಕೊಟ್ಟವರು ಮಾರ್ಕ್ ಹ್ಯಾಮಿಲ್. ಈ ಸಣ್ಣ ಪಾತ್ರದಿಂದಲೇ ಸರಣಿಗೆ ಬಂದ ಅವರು ಆಮೇಲೆ ಬ್ಯಾಟ್‌ಮನ್‌ನ ಕಡುವೈರಿ ಜೋಕರ್‌ನ ದನಿಯಾದರು. ಬಾಯ್ಲ್‌ನ ಸಭ್ಯ ನಗುವನ್ನು ಈಗ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇನ್ನು ಮಾಫಿ ವಿಷಯ. ತಾಳಮದ್ದಲೆಯಲ್ಲಿ ಗಟ್ಟಿ ಅರ್ಥಧಾರಿಯೊಬ್ಬರು ಕೌರವನಾಗಿ ಕೂತರೆ, ಎದುರಿಗಿರುವ ಕೃಷ್ಣನಿಗೆ ಬೆವರು ಬರುತ್ತದೆ. ಸಭೆ ಕೌರವನ ಮಾತಿಗೆ ತಲೆದೂಗುತ್ತದೆ. ಹಾಗಂತ ಮನೆಗೆ ಹೋಗುವಾಗ ಯಾರೂ ದ್ರೌಪದಿಯ ಸೀರೆಗೆ ಕೈ ಹಾಕಿಸಿದ್ದು ಸರಿ ಅನ್ನುವುದಿಲ್ಲ. ಒಬ್ಬನ ಮಾತು ಪೂರ್ತಿ ಕೇಳುವುದು ಬೇರೆ, ಅವನಿಗೆ ಸೈ ಅನ್ನುವುದು ಬೇರೆ. ‘ಹಾರ್ಟ್ ಆಫ್ ಐಸ್’ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾಲು ಹೆಪ್ಪುಗಟ್ಟಿದ ಆ ಆಳನ್ನು ನೆನಪಿಸಿಕೊಳ್ಳಿ. ಫ್ರೀಜ್‌ನ ಹೆಂಡತಿಯನ್ನು ಬಾಯ್ಲ್ ಹೇಗೆ ಬಿಟ್ಟು ಹೋದನೋ, ಫ್ರೀಜ್ ತನ್ನ ಆಳನ್ನು ಹಾಗೇ ಬಿಟ್ಟು ಹೋದ. ಕಥೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ತೋರಿಸಿ ಸುಮ್ಮನಾಗುತ್ತದೆ. ಕೊನೆಗೆ ಬ್ಯಾಟ್‌ಮನ್ ಫ್ರೀಜ್‌ನನ್ನು ತಡೆಯುತ್ತಾನೆ. ಹೇಗೆ ಗೊತ್ತಲ್ವಾ? ನೆಗಡಿಯಾಗಿದೆ ಅಂತ ಮನೆಯ ಬಟ್ಲರ್ ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಹಾಕಿಕೊಟ್ಟಿದ್ದ ಬಿಸಿ ಚಿಕನ್ ಸೂಪ್ ಅನ್ನು ಫ್ರೀಜ್‌ನ ತಲೆಯ ಗಾಜಿನ ಮೇಲೆ ಒಡೆದು! ತಣ್ಣನೆ ಗಾಜಿಗೆ ಬಿಸಿ ತಗುಲಿ ಬಿರುಕು ಬಿಡುತ್ತದೆ. ಫ್ರೀಜ್ ಸೆರೆಗೆ. ಟೇಪ್ ಪತ್ರಕರ್ತೆಯ ಕೈಗೆ. ಅರ್ಧ ಮೈ ಐಸಾಗಿ ನಿಂತ ಬಾಯ್ಲ್‌ಗೆ ಬ್ಯಾಟ್‌ಮನ್ ಒಂದು ಕುಟುಕು ಮಾತಾಡಿ ಹೊರಟುಹೋಗುತ್ತಾನೆ. ಯಾರಿಗೂ ಮಾಫಿ ಸಿಗಲಿಲ್ಲ. ಕೊನೆಯ ದೃಶ್ಯದಲ್ಲಿ ಜೈಲುಕೋಣೆಯೊಳಗೆ ಕೂತು, ಗೊಂಬೆಯ ಮುಂದೆ ಕ್ಷಮೆ ಕೇಳುವವನು ಫ್ರೀಜ್‌ನೇ. ಕೇಳುವುದು ಊರನ್ನಲ್ಲ, ನೋರಾಳನ್ನು.

ಇದರ ನಕಲು ಎಷ್ಟು ಕಷ್ಟ ಅಂತ ನನಗೆ ಸ್ವಂತ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಮಕ್ಕಳ ಸರಣಿಯೊಂದಕ್ಕೆ ಹನ್ನೊಂದು ನಿಮಿಷದ ಕಥೆ ಬರೆದಿದ್ದೆ. ವಿಲನ್ ಒಬ್ಬ ಆಟಿಕೆ ಅಂಗಡಿಯವನು. ಊರಿನ ಮಕ್ಕಳ ಗೊಂಬೆಗಳನ್ನೆಲ್ಲ ಕದಿಯುತ್ತಾನೆ. ಆಳ ಇರಲಿ ಅಂತ ನಲವತ್ತು ಸೆಕೆಂಡಿನ ಫ್ಲ್ಯಾಶ್‌ಬ್ಯಾಕ್ ತುರುಕಿದೆ. ಚಿಕ್ಕವನಿದ್ದಾಗ ಇವನಿಗೆ ಯಾರೂ ಗೊಂಬೆ ಕೊಡಿಸಲಿಲ್ಲ, ಎಲ್ಲರೂ ನಕ್ಕರು, ಮಳೆ, ಪಿಟೀಲು. ನಮ್ಮ ತಂಡದವರಿಗೆಲ್ಲ ಗಂಟಲು ಕಟ್ಟಿತ್ತು. ಹತ್ತಾರು ಮಕ್ಕಳನ್ನು ಕೂರಿಸಿ ತೋರಿಸಿದೆವು. ಪಿಟೀಲು ಶುರುವಾಗುತ್ತಿದ್ದ ಹಾಗೆ ಮುಂದಿನ ಸಾಲಿನ ಹುಡುಗ ಎದ್ದು, ‘ಆಂಟಿ, ಇದು ಮುಗಿಯೋ ಅಷ್ಟರಲ್ಲಿ ನೀರು ಕುಡ್ಕೊಂಡು ಬರ್ಲಾ?’ ಅಂದ. ಅವನ ಹಿಂದೆ ಇನ್ನಿಬ್ಬರು ಎದ್ದರು.

ತಪ್ಪು ಎಲ್ಲಿತ್ತು ಅಂತ ಆಮೇಲೆ ಹೊಳೆಯಿತು. ನನ್ನ ಫ್ಲ್ಯಾಶ್‌ಬ್ಯಾಕ್ ಬಂದ ಮೇಲೂ ಕಥೆಯಲ್ಲಿ ಏನೂ ತಿರುಗುತ್ತಿರಲಿಲ್ಲ. ಹಿಂದೆ ನೋಡಿದ ಯಾವ ದೃಶ್ಯಕ್ಕೂ ಅದರಿಂದ ಹೊಸ ಅರ್ಥ ಬರುತ್ತಿರಲಿಲ್ಲ, ಮುಂದೆ ಯಾರ ತೀರ್ಮಾನವೂ ಬದಲಾಗುತ್ತಿರಲಿಲ್ಲ. ತೆಗೆದುಹಾಕಿದರೆ ನಲವತ್ತು ಸೆಕೆಂಡ್ ಉಳಿತಾಯ, ಅಷ್ಟೇ. ಫ್ರೀಜ್‌ನ ಟೇಪನ್ನು ತೆಗೆದು ನೋಡಿ, ಇಡೀ ಎಪಿಸೋಡ್ ಕುಸಿದು ಬೀಳುತ್ತದೆ. ಮುಂದಿನ ಭಾನುವಾರ ಯಾವುದಾದರೂ ವಿಲನ್‌ನ ಹಿನ್ನೆಲೆ ಬಂದಾಗ ಇದನ್ನೇ ಕೇಳಿ: ಇದನ್ನು ಕಿತ್ತರೆ ಕಥೆಗೆ ನೋವಾಗುತ್ತಾ? ನಿಮ್ಮ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆಗದಿದ್ದರೂ ಚಿಂತೆಯಿಲ್ಲ, ಜಗಳದಲ್ಲೇ ಮಜಾ ಜಾಸ್ತಿ.

ಯಾರೂ ಸಾಯಲ್ಲ ಅನ್ನುವ ದೂರು. ಮಕ್ಕಳು ನೋಡುವ ಚಾನೆಲ್ ಆದ್ದರಿಂದ ಆ ಸರಣಿಗೆ ಕಟ್ಟುಪಾಡು ಜಾಸ್ತಿ ಇತ್ತು, ನಿಜ. ರಕ್ತ ತೋರಿಸುವ ಹಾಗಿಲ್ಲ, ಸಾವನ್ನು ನೇರವಾಗಿ ತೋರಿಸುವ ಹಾಗಿಲ್ಲ. ಆದರೆ ‘ರಾಬಿನ್ಸ್ ರೆಕನಿಂಗ್’ ಅನ್ನುವ ಎರಡು ಭಾಗದ ಕಥೆಯನ್ನು ನೋಡಿ. ಮುಂದೆ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಆಗುವ ಚಿಕ್ಕ ಹುಡುಗ ಡಿಕ್‌ನ ಅಪ್ಪ ಅಮ್ಮ ಸರ್ಕಸ್ಸಿನಲ್ಲಿ ಎತ್ತರದ ಉಯ್ಯಾಲೆಯಲ್ಲಿ ತೂಗುತ್ತಿದ್ದಾರೆ. ಉಯ್ಯಾಲೆ ಚೌಕಟ್ಟಿನಿಂದ ಆಚೆ ಹೋಗುತ್ತದೆ. ತಿರುಗಿ ಬರುವಾಗ ಬರುವುದು ತುಂಡಾದ ಹಗ್ಗ ಮಾತ್ರ. ಬಿದ್ದದ್ದನ್ನು ತೋರಿಸಲಿಲ್ಲ, ಕಿರುಚಾಟ ಎಳೆಯಲಿಲ್ಲ. ಸ್ಟೋರಿಬೋರ್ಡ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದೇ ಈ ದೃಶ್ಯ. ಕೈ ಕಟ್ಟಿಹಾಕಿದಾಗ ಕಲಾವಿದ ಹೇಗೆ ಯೋಚಿಸುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. 1993ರಲ್ಲಿ ಈ ಕಥೆಗೆ, ರಾತ್ರಿಯ ಮುಖ್ಯ ಹೊತ್ತಿನ ಕಾರ್ಯಕ್ರಮಗಳಿಗೆ ಕೊಡುವ ಪ್ರೈಮ್‌ಟೈಮ್ ಎಮ್ಮಿ ಬಂತು. ಅಂದರೆ ಅದನ್ನು ಬರೀ ಮಕ್ಕಳ ಕಾರ್ಯಕ್ರಮ ಅಂತ ಯಾರೂ ನೋಡಲಿಲ್ಲ.

ಇಲ್ಲಿಯವರೆಗೆ ನಿಮ್ಮ ಪರ. ಈಗ ನಿಮ್ಮ ಗೆಳೆಯರ ಪರ ಸ್ವಲ್ಪ ವಾದಿಸುತ್ತೇನೆ.

ಬಿಡಿ ಕಥೆಯಿಂದ ಎಂದೂ ಆಗದ ಕೆಲವು ಕೆಲಸಗಳಿವೆ. ಅದರಲ್ಲಿ ಮುಖ್ಯವಾದದ್ದು ನಂಬಿಕೆದ್ರೋಹ. ಹತ್ತು ನಿಮಿಷದ ಪರಿಚಯದವನು ಮೋಸ ಮಾಡಿದರೆ ಅದು ಬರೀ ಟ್ವಿಸ್ಟ್. ಎರಡು ಸೀಸನ್ ಜೊತೆಗಿದ್ದು ಮಾಡಿದರೆ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಗುತ್ತದೆ. ‘ಜಸ್ಟೀಸ್ ಲೀಗ್’ ಸರಣಿಯ ಹಾಕ್‌ಗರ್ಲ್ ಹಾಗೆ. 2001ರಿಂದ ನಮ್ಮವಳೇ ಅಂದುಕೊಂಡಿದ್ದವಳು 2004ರ ‘ಸ್ಟಾರ್‌ಕ್ರಾಸ್ಡ್’ ಕಥೆಯಲ್ಲಿ ತನ್ನ ಗ್ರಹದ ಗೂಢಚಾರಿಣಿ ಅಂತ ಬಯಲಾಗುತ್ತದೆ. ಅವಳು ಮೋಸ ಮಾಡಿದ್ದೂ ನಿಜ, ಕೊನೆಗೆ ತನ್ನವರಿಗೇ ತಿರುಗಿಬಿದ್ದು ಭೂಮಿಯನ್ನು ಉಳಿಸಿದ್ದೂ ನಿಜ. ಅವಳನ್ನು ತಂಡದಲ್ಲಿ ಇಟ್ಟುಕೊಳ್ಳಬೇಕಾ ಅಂತ ಉಳಿದವರು ಮತ ಹಾಕುತ್ತಾರೆ. ಫಲಿತಾಂಶ ಹೇಳುವ ಮೊದಲೇ ಅವಳು ರಾಜೀನಾಮೆ ಕೊಟ್ಟು ಹೊರಟುಬಿಡುತ್ತಾಳೆ. ಯಾರು ಯಾವ ಕಡೆ ಮತ ಹಾಕಿರಬಹುದು ಅನ್ನುವ ವಾದದಲ್ಲಿ ನಾನು ಎಷ್ಟು ಸಂಜೆ ಕಳೆದಿದ್ದೇನೋ ಲೆಕ್ಕವಿಲ್ಲ.

‘ಎಕ್ಸ್-ಮೆನ್ 97’ ಇನ್ನೂ ದೊಡ್ಡ ಸಾಲ ತೀರಿಸಿಕೊಂಡಿತು. ಮೂಲ ಸರಣಿ 1992ರಿಂದ 1997ರವರೆಗೆ 76 ಎಪಿಸೋಡ್ ನಡೆದಿತ್ತು. ಹೊಸದು 2024ರಲ್ಲಿ ಅಲ್ಲಿಂದಲೇ ಎತ್ತಿಕೊಂಡಿತು. ರೋಗ್ ಅನ್ನುವವಳ ಕಷ್ಟ ನಿಮಗೆ ಗೊತ್ತು. ಬರಿಗೈಯಲ್ಲಿ ಯಾರನ್ನು ಮುಟ್ಟಿದರೂ ಅವರ ಜೀವಶಕ್ತಿ ಇವಳೊಳಗೆ ಹರಿದುಬರುತ್ತದೆ. ಅದಕ್ಕೇ ಕೈಗವಸು. ಅದಕ್ಕೇ ಗ್ಯಾಂಬಿಟ್ ಎಷ್ಟು ಪ್ರೀತಿಸಿದರೂ ಒಂದು ತೋಳಿನ ಅಂತರ. ಐದನೇ ಎಪಿಸೋಡಿನಲ್ಲಿ ಜೆನೋಶಾ ದ್ವೀಪದ ಮೇಲೆ ದಾಳಿಯಾಗಿ ಗ್ಯಾಂಬಿಟ್ ಸಾಯುತ್ತಾನೆ. ರೋಗ್ ಅವನನ್ನು ತಬ್ಬಿ ಕೂತು, ನಿನ್ನ ಇರವೇ ನನಗೆ ತಿಳಿಯುತ್ತಿಲ್ಲ ಅನ್ನುತ್ತಾಳೆ. ಈಗ ಮುಟ್ಟಿದರೆ ಅವನಿಗೆ ಅಪಾಯವಿಲ್ಲ. ಹರಿದುಬರಲು ಅವನಲ್ಲಿ ಜೀವವೇ ಉಳಿದಿಲ್ಲ. ಆ ಒಂದು ಮಾತಿನ ಹಿಂದೆ 1992ರಿಂದ ಕೂಡಿಟ್ಟ ಭಾರವಿದೆ. ಪಾತ್ರದ ಶಕ್ತಿಯೇ ಅವಳ ದುಃಖದ ಅಳತೆಗೋಲಾಯಿತು. ಇದನ್ನು ಇಪ್ಪತ್ತೆರಡು ನಿಮಿಷದಲ್ಲಿ ಯಾರೂ ಮಾಡಲಾರರು, ಒಪ್ಪಿಕೊಳ್ಳಿ.

‘ಇನ್ವಿನ್ಸಿಬಲ್’ ಬಗ್ಗೆ ನಿಮ್ಮ ಗೆಳೆಯರು ರಕ್ತಕ್ಕೆ ಮಾರುಹೋಗಿದ್ದಾರೆ ಅಂತ ನನಗೆ ಅನುಮಾನ. ಅದರ ಜಾಣತನ ಇರುವುದು ಬೇರೆ ಕಡೆ. 2003ರಲ್ಲಿ ಶುರುವಾದ ಕಾಮಿಕ್ಸಿನಲ್ಲಿ ಓಮ್ನಿಮ್ಯಾನ್ ಅನ್ನುವ ಸೂಪರ್‌ಹೀರೋ ತನ್ನ ಜೊತೆಗಾರರನ್ನೇ ಕೊಲ್ಲುವುದು ಏಳನೇ ಸಂಚಿಕೆಯಲ್ಲಿ. 2021ರ ಸರಣಿ ಅದನ್ನು ಮೊದಲ ಎಪಿಸೋಡಿನ ಕೊನೆಗೇ ತಂದಿಟ್ಟಿತು. ಅಲ್ಲಿಂದ ಮುಂದೆ ನಮಗೆ ಗೊತ್ತು, ಮಗ ಮಾರ್ಕ್‌ಗೆ ಗೊತ್ತಿಲ್ಲ. ಅಪ್ಪ ಮಗ ಕೂತು ಊಟ ಮಾಡುವ ದೃಶ್ಯವೂ ಭಯ ಹುಟ್ಟಿಸುತ್ತದೆ. ತಾಯಿ ಡೆಬ್ಬಿ ಮನೆಯಲ್ಲೇ ರಕ್ತದ ಕಲೆಯಿರುವ ಉಡುಪು ನೋಡಿದಾಗ ಒಂದು ಹನಿ ಹೊಸ ರಕ್ತ ಇಲ್ಲದೆಯೂ ಎದೆ ಝಲ್ಲೆನ್ನುತ್ತದೆ. ಸೀಸನ್ನಿನ ಕೊನೆಯಲ್ಲಿ ಓಮ್ನಿಮ್ಯಾನ್ ಮಗನನ್ನು ಬಡಿದು ಬಡಿದು, ಐನೂರು ವರ್ಷ ಆದಮೇಲೆ ನಿನಗೆ ಏನು ಉಳಿದಿರುತ್ತೆ ಅಂತ ಕೇಳುತ್ತಾನೆ. ನೀನು ಇರ್ತೀಯಲ್ಲ ಅಪ್ಪ ಅನ್ನುತ್ತಾನೆ ಮಾರ್ಕ್. ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಗೆಳೆಯರನ್ನು ಕೇಳಿ ನೋಡಿ, ಆ ಎಪಿಸೋಡಿನಲ್ಲಿ ಕುಸಿದ ಕಟ್ಟಡ ಎಷ್ಟು ಅಂತ. ಯಾರಿಗೂ ನೆನಪಿರಲ್ಲ. ಈ ಮಾತು ಎಲ್ಲರಿಗೂ ನೆನಪಿರುತ್ತದೆ.

ಫ್ರೀಜ್‌ನ ಗಾಜಿನ ಗೋಳ, ತುಂಡಾದ ಹಗ್ಗ, ರೋಗ್‌ಳ ಕೈ, ಮಾರ್ಕ್‌ನ ಮಾತು. ಇವನ್ನು ಹಳೆಯದು ಹೊಸದು ಅಂತ ಭಾಗ ಮಾಡಲು ನನಗಂತೂ ಮನಸ್ಸಾಗುವುದಿಲ್ಲ. ಪಾತ್ರಕ್ಕೆ ಏನು ಬೇಕಿತ್ತು ಅನ್ನುವುದು ಒಂದೇ ವಸ್ತುವಿನಲ್ಲಿ, ಒಂದೇ ಚಲನೆಯಲ್ಲಿ ಕಣ್ಣಿಗೆ ಕಾಣುವಂತಾಗಿದೆ. ಕಥೆ ಎಷ್ಟು ಉದ್ದ, ಎಷ್ಟು ಹೆಣ ಬಿತ್ತು ಅನ್ನುವುದೆಲ್ಲ ಆಮೇಲಿನ ಲೆಕ್ಕ.

ದೀರ್ಘ ಸರಣಿಗೆ ಅದರದ್ದೇ ರೋಗಗಳೂ ಇವೆ. ಮೊದಲನೆಯದು, ಮುಗಿದದ್ದನ್ನು ಮುಗಿಯಲು ಬಿಡದಿರುವುದು. ‘ಹಾರ್ಟ್ ಆಫ್ ಐಸ್’ನಲ್ಲಿ ನೋರಾ ಹೋದಳು ಅಂತಲೇ ನಾವು ಅಂದುಕೊಂಡಿದ್ದೆವು. 1994ರ ‘ಡೀಪ್ ಫ್ರೀಜ್’ ಎಪಿಸೋಡಿನಲ್ಲಿ ಅವಳು ಶೀತಲ ಪೆಟ್ಟಿಗೆಯಲ್ಲಿ ಇನ್ನೂ ಜೀವಂತ ಅಂತಾಯಿತು. ಅದರಿಂದ ಮುಂದಿನ ಕಥೆಗಳಿಗೆ ದಾರಿ ಸಿಕ್ಕಿತು, ಒಪ್ಪುತ್ತೇನೆ. ಆದರೆ ಜೈಲುಕೋಣೆಯಲ್ಲಿ ಗೊಂಬೆಯ ಮುಂದೆ ಕೂತವನ ದುಃಖ ಸ್ವಲ್ಪ ಅಗ್ಗವಾಯಿತು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ರೋಗ ಹೊರಗಿನಿಂದ ಬರುವಂಥದ್ದು. ‘ಯಂಗ್ ಜಸ್ಟೀಸ್’ ಎರಡನೇ ಸೀಸನ್ನಿಗೆ ಐದು ವರ್ಷ ಮುಂದಕ್ಕೆ ಹಾರಿ, ನೂರು ಎಳೆ ಬಿಚ್ಚಿಟ್ಟು, 2013ರಲ್ಲಿ ನಿಂತುಹೋಯಿತು. ಅದಕ್ಕೆ ಆಟಿಕೆ ಕಂಪನಿಯ ದುಡ್ಡಿನ ಆಸರೆ ಇತ್ತು, ಆಟಿಕೆ ಓಡದೆ ಆ ಆಸರೆ ತಪ್ಪಿತು ಅಂತ ಅದರ ನಿರ್ಮಾಪಕ ಗ್ರೆಗ್ ವೈಸ್‌ಮನ್ ಅವರೇ ಹೇಳಿದ್ದಾರೆ. ಮೂರನೇ ಸೀಸನ್ ಬಂದದ್ದು 2019ರಲ್ಲಿ. ಆರು ವರ್ಷ ಅಭಿಮಾನಿಗಳು ಗಾಳಿಯಲ್ಲಿ ನೇತಾಡಿದರು. ಬಿಡಿ ಕಥೆಗೆ ಈ ಅಪಾಯವಿಲ್ಲ. ನಾಳೆ ಸರಣಿ ನಿಂತರೂ ಇವತ್ತಿನ ಊಟ ಬಡಿಸಿ ಆಗಿರುತ್ತದೆ.

ಮುಗಿಸದೇ ಬಿಟ್ಟದ್ದೆಲ್ಲ ತಪ್ಪಲ್ಲ, ಅದನ್ನೂ ಹೇಳಬೇಕು. ‘ಟೀನ್ ಟೈಟನ್ಸ್’ ಸರಣಿಯ ಕೊನೆಯ ಎಪಿಸೋಡ್ 2006ರ ಜನವರಿಯಲ್ಲಿ ಬಂತು. ಹಿಂದೆ ಕಲ್ಲಾಗಿದ್ದ ಹಳೆ ಗೆಳತಿ ಟೆರಾಳ ಥೇಟ್ ಹಾಗೇ ಇರುವ ಹುಡುಗಿಯೊಬ್ಬಳು ಶಾಲೆಯ ಯೂನಿಫಾರ್ಮಿನಲ್ಲಿ, ತಂಡದ ಬೀಸ್ಟ್ ಬಾಯ್ ಅನ್ನುವವನ ಕಣ್ಣಿಗೆ ಬೀಳುತ್ತಾಳೆ. ಗುಹೆಯಲ್ಲಿ ನೋಡಿದರೆ ಕಲ್ಲಿನ ವಿಗ್ರಹ ಇಲ್ಲ. ಅವಳೋ, ನೀನು ಹುಡುಕುತ್ತಿರುವವಳು ಬರೀ ನೆನಪು ಅಂದು ಗೆಳತಿಯರ ಜೊತೆ ತರಗತಿಗೆ ಹೋಗುತ್ತಾಳೆ. ಅವಳು ಟೆರಾನಾ ಅಲ್ವಾ? ಇಪ್ಪತ್ತು ವರ್ಷದಿಂದ ಅಭಿಮಾನಿಗಳು ಕಿತ್ತಾಡುತ್ತಿದ್ದಾರೆ. ಟೆರಾನೇ, ಆದರೆ ಟೆರಾ ಆಗಿರಲು ಅವಳಿಗೆ ಇಷ್ಟವಿಲ್ಲ ಅಂತ ನನ್ನ ಓದು. ಪುರಾವೆ ಕೇಳಬೇಡಿ. ಪುರಾವೆ ಕೊಟ್ಟುಬಿಟ್ಟಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಿಮ್ಮ ಗುಂಪಿನಲ್ಲಿ ಹಾರ್ಲಿ ಕ್ವಿನ್ ಜಗಳವೂ ಇದ್ದೇ ಇರುತ್ತದೆ, ಅದಕ್ಕೂ ನಾಲ್ಕು ಮಾತು. ಅವಳೂ ಕಾಮಿಕ್ಸಿನಿಂದ ಬಂದವಳಲ್ಲ. ನಿಮ್ಮ ಹಳೆ ಬ್ಯಾಟ್‌ಮನ್ ಸರಣಿಯ ಒಂದು ಎಪಿಸೋಡಿಗೆ ಜೋಕರ್‌ನ ಸಹಾಯಕಿಯಾಗಿ 1992ರ ಸೆಪ್ಟೆಂಬರಿನಲ್ಲಿ ಹುಟ್ಟಿದವಳು. ಅರ್ಲೀನ್ ಸಾರ್ಕಿನ್ ಅವರ ದನಿಗೆ ಜನ ಸೋತರು, ಅವಳು ಉಳಿದುಕೊಂಡಳು. ಈಗ ಜೋಕರ್ ಹಾರ್ಲಿ ಜೋಡಿಯನ್ನು ಅಮರ ಪ್ರೇಮಿಗಳು ಅನ್ನುವವರಿದ್ದಾರೆ. ಅವರಿಗೆ ‘ಮ್ಯಾಡ್ ಲವ್’ ತೋರಿಸಿ. ಹಾರ್ಲಿ ಒಬ್ಬಳೇ ಉಪಾಯ ಮಾಡಿ ಬ್ಯಾಟ್‌ಮನ್‌ನನ್ನು ಹಿಡಿದು ತಲೆಕೆಳಗಾಗಿ ನೇತುಹಾಕುತ್ತಾಳೆ. ಜೋಕರ್‌ಗೆ ಖುಷಿಯಾಗಬೇಕಿತ್ತು. ಅವನು ಅವಳನ್ನು ಕಿಟಕಿಯಿಂದ ಆಚೆ ತಳ್ಳುತ್ತಾನೆ. ತನಗಾಗದ್ದು ಅವಳಿಗಾಯಿತು ಅನ್ನುವ ಹೊಟ್ಟೆಕಿಚ್ಚು. ಕೊನೆಯಲ್ಲಿ ಮೈಯೆಲ್ಲ ಬ್ಯಾಂಡೇಜಿನಲ್ಲಿರುವ ಹಾರ್ಲಿ ಇನ್ನು ಅವನ ಸಹವಾಸವೇ ಬೇಡ ಅಂದುಕೊಳ್ಳುತ್ತಾಳೆ. ಆಗ ಪಕ್ಕದಲ್ಲಿ ಒಂದು ಹೂವು, ಬೇಗ ಹುಷಾರಾಗು ಅನ್ನುವ ಚೀಟಿ. ಅವಳ ಮುಖ ಕರಗಿಹೋಗುತ್ತದೆ. ನೋಡುವವರಿಗೆ ಹೊಟ್ಟೆ ತೊಳಸುತ್ತದೆ. ಇದನ್ನು ಪ್ರೀತಿ ಅಂತ ಆ ಕಥೆ ಎಲ್ಲೂ ಹೇಳುತ್ತಿಲ್ಲ. ಹೊಡೆತ ತಿಂದವರು ಮತ್ತೆ ಅದೇ ಮನೆಗೆ ಯಾಕೆ ಹೋಗುತ್ತಾರೆ ಅಂತ ಒಂದು ಹೂವಿನಲ್ಲಿ ತೋರಿಸುತ್ತಿದೆ. ನಮ್ಮ ಅಕ್ಕಪಕ್ಕದ ಮನೆಗಳಲ್ಲೂ ಕಂಡದ್ದೇ ಅಲ್ವಾ.

ನಿಮ್ಮ ಆರೂ ಜನ ಒಪ್ಪುವಂಥ ಒಂದು ಎಪಿಸೋಡ್ ಬೇಕು ಅಂದರೆ ‘ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್’ನ ‘ಎಪಿಲಾಗ್’ ಹಾಕಿ. 2005ರದ್ದು. ಬರೀ ಮನಸ್ಸಿನಿಂದ ಜಗತ್ತನ್ನೇ ತಿರುಚಬಲ್ಲ ಏಸ್ ಅನ್ನುವ ಹುಡುಗಿ ಸಾಯುತ್ತಿದ್ದಾಳೆ. ಅವಳು ಸಾಯುವಾಗ ಸುತ್ತಲಿನವರೂ ಸಾಯಬಹುದು. ಅವಳನ್ನು ಮೊದಲೇ ಕೊಲ್ಲಲು ಒಂದು ಯಂತ್ರ ಹಿಡಿದು ಬ್ಯಾಟ್‌ಮನ್ ಒಬ್ಬನೇ ಒಳಗೆ ಹೋಗುತ್ತಾನೆ. ನೀನು ಅದನ್ನು ಬಳಸಲ್ಲ ಅಂತ ಅವಳಿಗೆ ಗೊತ್ತು. ಅವಳಿಗೆ ಹೆದರಿಕೆಯಾಗುತ್ತಿದೆ. ಇರ್ತೀಯಾ ಅಂತ ಕೇಳುತ್ತಾಳೆ. ಅವನು ಪಕ್ಕದ ಉಯ್ಯಾಲೆಯಲ್ಲಿ ಕೂರುತ್ತಾನೆ. ಅಷ್ಟು ದೊಡ್ಡ ಮೈ, ಅಷ್ಟು ಉದ್ದದ ಕಪ್ಪು ನಿಲುವಂಗಿ, ಮಕ್ಕಳ ಉಯ್ಯಾಲೆ. ಅವಳ ಕೈ ಹಿಡಿದುಕೊಂಡಿದ್ದಾನೆ. ಬಿಡಿ ಕಥೆಯಾಗಿ ನೋಡಿದರೂ ಅರ್ಥವಾಗುತ್ತದೆ. ಹಿಂದಿನ ಹದಿಮೂರು ವರ್ಷದ ಸರಣಿಗಳನ್ನು ನೋಡಿದವರಿಗೆ, ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಸತ್ತಾಗ ತನ್ನ ಪಕ್ಕದಲ್ಲಿ ಯಾರಾದರೂ ಹೀಗೆ ಕೂತಿರಬೇಕಿತ್ತು ಅಂತ ಈ ಮನುಷ್ಯ ಅಂದುಕೊಂಡಿರಬಹುದಲ್ವಾ ಅಂತಲೂ ಅನಿಸುತ್ತದೆ. ಕೆವಿನ್ ಕಾನ್‌ರಾಯ್ ಅವರ ದನಿ ಅಲ್ಲಿ ಎಷ್ಟು ತಗ್ಗಿದೆ ಗಮನಿಸಿ. ಬ್ಯಾಟ್‌ಮನ್‌ಗೆ ಒಂದು ದನಿ, ಮುಖವಾಡ ತೆಗೆದಾಗಿನ ಬ್ರೂಸ್ ವೇಯ್ನ್‌ಗೆ ಇನ್ನೊಂದು ದನಿ ಅಂತ ಮೊದಲಿಂದ ಬೇರೆಬೇರೆ ಇಟ್ಟುಕೊಂಡು ಬಂದವರು ಅವರು. 2022ರಲ್ಲಿ ತೀರಿಕೊಂಡರು. ಆ ವಾರ ನಾನು ನೋಡಿದ್ದು ಇದೇ ಎಪಿಸೋಡ್.

ಇನ್ನು ಅಕ್ಕನ ಮಗ. ಒಂಬತ್ತು ವರ್ಷದವನಿಗೆ ನೇರ ಫ್ರೀಜ್ ತೋರಿಸಬೇಡಿ. ಮೊದಲು 1992ರ ಬ್ಯಾಟ್‌ಮನ್ ಸರಣಿಯದೇ ‘ಆಲ್ಮೋಸ್ಟ್ ಗಾಟ್ ಇಮ್’ ಹಾಕಿ. ವಿಲನ್‌ಗಳೆಲ್ಲ ಒಂದು ಮೇಜಿನ ಸುತ್ತ ಇಸ್ಪೀಟು ಆಡುತ್ತ, ನಾನು ಬ್ಯಾಟ್‌ಮನ್‌ನನ್ನು ಹೇಗೆ ಇನ್ನೇನು ಮುಗಿಸಿಬಿಟ್ಟಿದ್ದೆ ಅಂತ ಒಬ್ಬೊಬ್ಬರಾಗಿ ಕೊಚ್ಚಿಕೊಳ್ಳುತ್ತಾರೆ. ಎಲ್ಲರೂ ಮಾರುದ್ದದ ಕಥೆ ಹೇಳಿದರೆ ಕಿಲ್ಲರ್ ಕ್ರಾಕ್ ಮಾತ್ರ, ನಾನು ಅವನ ಮೇಲೆ ಒಂದು ಕಲ್ಲು ಎಸೆದೆ ಅನ್ನುತ್ತಾನೆ. ಎಲ್ಲರೂ ಸುಮ್ಮನಾದಾಗ, ದೊಡ್ಡ ಕಲ್ಲು ಅಂತ ಸೇರಿಸುತ್ತಾನೆ. ಹುಡುಗ ಅಲ್ಲಿ ಬಿದ್ದು ಬಿದ್ದು ನಗದಿದ್ದರೆ ನನಗೆ ಮತ್ತೆ ಬರೆಯಿರಿ. ಎರಡು ವಾರ ಬಿಟ್ಟು ‘ಹಾರ್ಟ್ ಆಫ್ ಐಸ್’. ನೋಡುವಾಗ ಪಕ್ಕದಲ್ಲಿ ಕೂತು ಅರ್ಥ ಹೇಳಲು ಹೋಗಬೇಡಿ, ಗಾಜಿನ ಗೋಳ ಅವನೇ ನೋಡಿಕೊಳ್ಳುತ್ತಾನೆ. ‘ಇನ್ವಿನ್ಸಿಬಲ್’ ಮಾತ್ರ ಅವನು ಮಲಗಿದ ಮೇಲೆ, ಬಾಗಿಲು ಹಾಕಿಕೊಂಡು.